ತಳವಾರ ಎಂಬ ಅಡ್ಡಹೆಸರು: ಯಾರ ವಂಶ, ಯಾರ ಚಾಕರಿ?

ನಮ್ಮ ಸೀಮೆಯಲ್ಲಿ ಮನುಷ್ಯನ ಹೆಸರು ಮೂರು ತುಕಡಿಗಳದು. ಮೊದಲು ತನ್ನದು, ನಡುವೆ ತಂದೆಯದು, ಕಡೆಗೆ ಅಡ್ಡಹೆಸರು. ಮೈಸೂರ ಕಡೆಯವರಿಗೆ ಇದರ ಗೊಡವೆ ಅಷ್ಟಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಮಾತ್ರ ಅಡ್ಡಹೆಸರು ಕೇಳದ ಕಚೇರಿಯೂ ಇಲ್ಲ, ಸಾಲದ ಸೊಸಾಯಿಟಿಯೂ ಇಲ್ಲ. ಪೇಟೆಯ ಬೋರ್ಡುಗಳನ್ನು ಓದುತ್ತ ನಡೆದರೆ ಎಣ್ಣಿ, ಬೆಲ್ಲದ, ಉಪ್ಪಿನ, ಹತ್ತಿ, ಉಳ್ಳಾಗಡ್ಡಿ, ಬಳಿಗಾರ ಎಂದು ಬರುತ್ತವೆ. ಅಜ್ಜ ಮಾರಿದ ಮಾಲೇ ಮೊಮ್ಮಗನ ಹೆಸರಾಗಿ ನಿಂತಿದೆ. ಗಿರಣಿಯ ಹಾಜರಿ ಪುಸ್ತಕದಲ್ಲಿ ಇನ್ನೊಂದು ಸಾಲು: ಕಮ್ಮಾರ, ಬಡಿಗೇರ, ಕುಂಬಾರ, ವಾಲೀಕಾರ, ತಳವಾರ. ಅಲ್ಲಿ ಅಜ್ಜ ಮಾಡಿದ ದುಡಿತವೇ ಹೆಸರಾಗಿದೆ.

ಬೋನಸ್ಸು, ತುಟ್ಟಿಭತ್ಯೆ, ಜಿಎಸ್‌ಟಿಯ ಕಾಟ ಇವನ್ನೆಲ್ಲ ಬಿಟ್ಟು ಪಕ್ಷದ ಪತ್ರಿಕೆಗೆ ಅಡ್ಡಹೆಸರಿನ ಉಸಾಬರಿ ಏಕೆಂದು ಕೆಲವು ಓದುಗರು ಕೇಳಬಹುದು. ಎರಡು ಕಾರಣಗಳಿವೆ. ಹಣವಿದ್ದವರು ಇತ್ತೀಚೆಗೆ ವಂಶಾವಳಿ ಬರೆಯಿಸಿ ಅಚ್ಚು ಹಾಕಿಸುತ್ತಿದ್ದಾರೆ. ಅದರ ತುದಿಗೆ ಒಬ್ಬ ಋಷಿಯೋ ಅರಸನೋ ಕುಳಿತಿರುತ್ತಾನೆ. ಅದನ್ನು ಕಂಡ ಕೂಲಿಯವನಿಗೂ, ಸಣ್ಣ ಅಂಗಡಿಯವನಿಗೂ ‘ನಮ್ಮ ವಂಶ ಎಲ್ಲಿಯದು?’ ಎಂಬ ಪ್ರಶ್ನೆ ಹುಟ್ಟುತ್ತದೆ. ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ನ್ಯಾಯವಾದ ಉತ್ತರ ದೊರೆಯಬೇಕು. ಎರಡನೆಯ ಕಾರಣ ಇನ್ನೂ ಹತ್ತಿರದ್ದು. 2020ರಿಂದ ಈಚೆಗೆ ಒಂದೇ ಅಡ್ಡಹೆಸರಿನ ಬಡವರು ತಮ್ಮೊಳಗೇ ಕಾಗದ ಹಿಡಿದು ಜಗಳಾಡುವ ಸ್ಥಿತಿ ಬಂದಿದೆ. ಆ ಅಡ್ಡಹೆಸರು ತಳವಾರ. ಆದುದರಿಂದ ಅದನ್ನೇ ಹಿಡಿದು ಅದರ ಬೇರಿಗೆ ಇಳಿದು ನೋಡೋಣ.

ಅರಸನ ಅಳಿಯನಿಂದ ಊರ ಕಾವಲುಗಾರನವರೆಗೆ

ಈ ಹೆಸರು ಬಹಳ ಹಳೆಯದು. ಆಂಧ್ರದ ಕೃಷ್ಣಾ ತೀರದ ನಾಗಾರ್ಜುನಕೊಂಡದಲ್ಲಿ ಇಕ್ಷ್ವಾಕು ಅರಸರ ಕಾಲದ, ಎಂದರೆ ಕ್ರಿಸ್ತಶಕ 3ನೆಯ ಶತಮಾನದ, ಪ್ರಾಕೃತ ಶಾಸನಗಳು ಸಿಕ್ಕಿವೆ. ಅವುಗಳಲ್ಲಿ ‘ಮಹಾತಲವರ’ ಎಂಬ ಬಿರುದು ಮೇಲಿಂದ ಮೇಲೆ ಬರುತ್ತದೆ. ಅರಸ ಚಾಂತಮೂಲನ ಸೋದರಿ ಚಾಂತಿಸಿರಿಯ ಗಂಡ ಒಬ್ಬ ಮಹಾತಲವರ. ಅದೇ ಅರಸನ ಮಗಳನ್ನು ಮದುವೆಯಾದವನೂ ಮಹಾಸೇನಾಪತಿ, ಮಹಾತಲವರ ಎಂಬ ಬಿರುದುಗಳನ್ನು ಹೊತ್ತವನು. ಈ ತಲವರ ಶಬ್ದವೇ ನಮ್ಮ ತಳವಾರ, ತೆಲುಗಿನ ತಲಾರಿ, ತಮಿಳಿನ ತಲೈಯಾರಿ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಮುಂದೆ ಕನ್ನಡ ಶಾಸನಗಳಲ್ಲಿ ತಳಾರ, ತಳವಾರ ಎಂಬ ರೂಪಗಳು ಕಾಣುತ್ತವೆ. ವಿಜಯನಗರದ ಕಾಲಕ್ಕೆ ಬಂದರೆ ಊರ ಕಾವಲಿಗಾಗಿ ಜನರಿಂದ ಎತ್ತುವ ತಳವಾರಿಕೆ ಎಂಬ ತೆರಿಗೆಯೇ ಇದೆ.

ಇಷ್ಟು ಸಿಕ್ಕೊಡನೆ ‘ನಾವು ಮಹಾತಲವರರ ಪೀಳಿಗೆ’ ಎಂದು ಎದೆ ಸೆಟೆಸುವವರುಂಟು. ತುಸು ತಾಳಬೇಕು. ನಾಗಾರ್ಜುನಕೊಂಡದ ಮಹಾತಲವರನಿಗೂ ಬೈಲಹೊಂಗಲ ತಾಲೂಕಿನ ಒಬ್ಬ ತಳವಾರನಿಗೂ ನಡುವೆ ಸಾವಿರದ ಏಳುನೂರು ವರ್ಷಗಳಿವೆ. ಆ ನಡುವಿನ ತಲೆಮಾರುಗಳನ್ನು ಯಾರೂ ಎಣಿಸಿ ತೋರಿಸಿಲ್ಲ. ಇಳಿದುಬಂದದ್ದು ಹುದ್ದೆಯ ಹೆಸರು, ರಕ್ತವಲ್ಲ. ಕಚೇರಿಯ ಬಾಗಿಲಲ್ಲಿ ನಿಂತವನನ್ನು ಎಲ್ಲ ಊರಲ್ಲೂ ಜವಾನನೆಂದೇ ಕರೆಯುತ್ತಾರೆ, ಅಷ್ಟಕ್ಕೆ ಎಲ್ಲ ಜವಾನರೂ ಒಬ್ಬ ಅಜ್ಜನ ಮಕ್ಕಳಾಗುವದಿಲ್ಲ. ಬೇಡರಲ್ಲಿ ತಳವಾರರಿದ್ದಾರೆ, ಕಬ್ಬಲಿಗರಲ್ಲಿದ್ದಾರೆ, ಕುರುಬರಲ್ಲಿದ್ದಾರೆ, ಬೇರೆ ಜಾತಿಗಳಲ್ಲೂ ಇದ್ದಾರೆ. ಯಾವ ಊರಲ್ಲಿ ಯಾರ ಕೈಗೆ ಕೋಲು ಕೊಟ್ಟರೋ ಆ ಊರಲ್ಲಿ ಅವರೇ ತಳವಾರರು.

ಆ ಹುದ್ದೆಯ ಕೆಲಸವೇನು? ರಾತ್ರಿ ಊರು ಸುತ್ತುವದು, ಹೊಸಬ ಬಂದರೆ ಗೌಡನಿಗೆ ತಿಳಿಸುವದು, ಅಪರಾಧಿಯನ್ನು ಹಿಡಿದು ಕಾಯುವದು, ಕಂದಾಯದ ಹಣವನ್ನು ಕಚೇರಿಗೆ ಮುಟ್ಟಿಸುವಾಗ ಬೆಂಗಾವಲಾಗಿ ನಡೆಯುವದು. ಕಳವಾದರೆ ಹೆಜ್ಜೆಯ ಜಾಡು ಹಿಡಿದು ಊರ ಸೀಮೆಯ ತನಕ ಹೋಗಬೇಕು. ಹಳೆಯ ಕಾವಲು ಪದ್ಧತಿಯಲ್ಲಿ ಜಾಡು ಸೀಮೆ ದಾಟಿದರೆ ಹೊಣೆ ಮುಂದಿನ ಊರಿನದು. ದಾಟದಿದ್ದರೆ ಹೋದ ಮಾಲಿಗೆ ಈ ಊರ ಕಾವಲುಗಾರನೇ ಉತ್ತರ ಹೇಳಬೇಕು. ಇದಕ್ಕೆ ಪ್ರತಿಫಲವೆಂದು ಒಂದು ತುಂಡು ಮಾನ್ಯದ ಹೊಲ ಮತ್ತು ಸುಗ್ಗಿಯಲ್ಲಿ ರೈತನ ಕಣದಿಂದ ಒಂದಿಷ್ಟು ಆಯ. ಗೌಡ, ಕುಲಕರ್ಣಿಯಿಂದ ಹಿಡಿದು ಕಮ್ಮಾರ, ಅಗಸ, ನಾವಲಿಗನವರೆಗೆ ಊರಿನ ಆಯಗಾರರ ಸಾಲಿನಲ್ಲಿ ಇವನೂ ಒಬ್ಬ. ಸಾಲು ಒಂದೇ ಆದರೂ ಮೇಲೆ ಕುಳಿತವನು ದಪ್ತರ ಬರೆದ, ಕೆಳಗೆ ನಿಂತವನು ಅದನ್ನು ಹೊತ್ತ. ಬರೆದವನ ಮನೆತನದ ಹತ್ತು ತಲೆಮಾರು ಕಾಗದದಲ್ಲಿ ಸಿಗುತ್ತದೆ. ಹೊತ್ತವನದು ಎರಡು ತಲೆಮಾರಿನಾಚೆ ಮಬ್ಬು.

ಹಳ್ಳಿಯಲ್ಲಿ ಕಾಗದ ಮಾತ್ರವಲ್ಲ, ಬಾಯಿಯ ದಪ್ತರವೂ ಉಂಟು. ಹೆಳವರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ವಂಶವನ್ನು ಒಪ್ಪಿಸುತ್ತಾರೆ. ಅವರ ನೆನಪಿನ ಶಕ್ತಿಗೆ ಯಾರಾದರೂ ತಲೆದೂಗಬೇಕು. ಅವರು ಕಾಳು, ಬಟ್ಟೆ, ಕರು ಇಸಕೊಂಡು ಬದುಕುವವರು. ಆದುದರಿಂದ ಕೊಡಲು ಏನಾದರೂ ಇದ್ದ ಒಕ್ಕಲು ಮನೆಗಳ ವಂಶವೇ ಅವರ ಬಾಯಲ್ಲಿ ಉಳಿಯಿತು. ಇದರಲ್ಲಿ ಹೆಳವರ ತಪ್ಪೇನೂ ಇಲ್ಲ. ಕಣಜ ಬರಿದಾದ ಮನೆಯ ಮುಂದೆ ಅವರೂ ಎಷ್ಟು ಹೊತ್ತು ನಿಂತಾರು?

ಮಾನ್ಯದ ಹೊಲಕ್ಕೆ ಕೈ ಬಿತ್ತು

ಕಾವಲು ಮನೆತನಗಳ ಬದುಕು ತಲೆಕೆಳಗಾದದ್ದು ಕಂಪನಿ ಸರಕಾರ ಬಂದ ಮೇಲೆ. ಸಂಗೊಳ್ಳಿ ರಾಯಣ್ಣನ ಪೂಜೆ ಮಾಡುವವರು ಇಂದು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಆದರೆ ಅವನ ಬಂಡಾಯದ ಬುಡದಲ್ಲಿ ಒಂದು ಹೊಲದ ತಕರಾರು ಇತ್ತೆಂಬದನ್ನು ಭಾಷಣಗಳಲ್ಲಿ ಕೇಳುವದು ಕಡಿಮೆ. ಅವನು ಕುರುಬರ ಮನೆಯ ಮಗ, ಕಿತ್ತೂರು ಸಂಸ್ಥಾನದ ಶೇತಸನದಿ. ಮನೆತನದ ಚಾಕರಿಗಾಗಿ ಬಂದಿದ್ದ ಮಾನ್ಯದ ಭೂಮಿಯ ಮೇಲೆ ಹೊಸ ಸರಕಾರದ ಕೈ ಬಿದ್ದದ್ದು ಅವನ ಸಿಟ್ಟಿಗೆ ಒಂದು ಕಾರಣ. 1830ರ ಜನವರಿಯಲ್ಲಿ ಅವನ ಜನರು ಬೀಡಿಯ ಕಚೇರಿಗೆ ಬೆಂಕಿಯಿಟ್ಟರು. ಯಾವ ಕಚೇರಿ ತಮ್ಮ ಹೊಲವನ್ನು ಪರರದೆಂದು ಬರೆಯುತ್ತಿತ್ತೋ ಆ ಕಚೇರಿಗೇ ಬೆಂಕಿ ಬಿತ್ತು. 1831ರ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. 1857ರ ನವಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತರು. ಆಯುಧವೇ ಬದುಕಾಗಿದ್ದವರಿಗೆ ಅದನ್ನು ಕೊಟ್ಟುಬಿಡೆಂದರೆ ಕುಂಬಾರನಿಗೆ ತಿಗರಿ ಕೊಟ್ಟುಬಿಡೆಂದಂತೆ. ಅವರಲ್ಲಿಯೂ ಅನೇಕರನ್ನು ನೇಣಿಗೆ ಹಾಕಿದರು.

ಬಂದೂಕಿನ ಹಿಂದೆ ಕಾಯಿದೆ ಬಂದಿತು. ಇನಾಮುಗಳ ಹಕ್ಕು ಪರೀಕ್ಷಿಸುವ ಕೆಲಸ ನಮ್ಮ ದಕ್ಷಿಣ ಮರಾಠಾ ಸೀಮೆಯಲ್ಲಿಯೇ 1843ರಲ್ಲಿ ಮೊದಲಾಯಿತು. 1852ರ ಕಾಯಿದೆ ಅದಕ್ಕೆ ಇನಾಮ್ ಕಮೀಶನ್ ಎಂಬ ರೂಪ ಕೊಟ್ಟಿತು. ‘ಕಾಗದ ತೋರಿಸು, ಇಲ್ಲವೆ ಭೂಮಿ ಬಿಡು’ ಎಂಬದು ಅದರ ಒಟ್ಟು ನ್ಯಾಯ. ಓದು ಬಾರದವನ ಹತ್ತಿರ ಕಾಗದ ಎಲ್ಲಿಂದ ಬರಬೇಕು?

1874ರಲ್ಲಿ ಮುಂಬಯಿ ಸರಕಾರ ವತನದ ಕಾಯಿದೆಯನ್ನು ಮಾಡಿತು. ಊರ ಹುದ್ದೆಗಳನ್ನು ಅದು ಮೇಲು, ಕೆಳಗು ಎಂದು ವಿಂಗಡಿಸಿತು. ಪಾಟೀಲ, ಕುಲಕರ್ಣಿ ಮೇಲಿನವರು. ಕಾವಲು, ಓಲೆಕಾರಿಕೆ ಮಾಡುವವರು ಕೆಳಗಿನವರು. ಒಂದು ತುಂಡು ಹೊಲದ ಆಸೆಗೆ ಇಡೀ ಮನೆತನ ಹಗಲುರಾತ್ರಿ ಸರಕಾರಕ್ಕೆ ಬಿಟ್ಟಿ ದುಡಿಯಬೇಕಾಯಿತು. ಮಹಾರ ವತನದ ಈ ಗುಲಾಮಗಿರಿಯನ್ನು ಕೊನೆಗಾಣಿಸಲು ಡಾ. ಅಂಬೇಡಕರರು 1928ರಲ್ಲಿ ಮುಂಬಯಿ ಕಾಯಿದೆ ಕೌನ್ಸಿಲಿನಲ್ಲಿ ಒಂದು ಮಸೂದೆ ಮಂಡಿಸಿದರು. ಅದು ಪಾಸಾಗಲಿಲ್ಲ. ವತನದ ಹೊಲ ಕೂಲಿಯಲ್ಲ, ಕಾಲಿಗೆ ಕಟ್ಟಿದ ಹಗ್ಗ ಎಂಬದನ್ನು ಅಷ್ಟು ಸ್ಪಷ್ಟವಾಗಿ ಕಂಡವರು ಅವರು.

ಇದೇ ಕಾಯಿದೆಗೆ 1886ರಲ್ಲಿ ಒಂದು ತಿದ್ದುಪಡಿ ಬಂದಿತು. ಕೊನೆಯ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು ಆ ಮನೆತನದ ಉಳಿದೆಲ್ಲ ಹೆಂಗಸರನ್ನೂ, ಹೆಣ್ಣಿನ ಮೂಲಕ ಹಕ್ಕು ಕೇಳುವವರನ್ನೂ ವಾರಸಾ ಸಾಲಿನಲ್ಲಿ ಗಂಡಸರೆಲ್ಲರ ಹಿಂದೆ ನಿಲ್ಲಿಸಬೇಕೆಂದು ಅದು ಹೇಳಿತು. ಅಡ್ಡಹೆಸರು ಗಂಡಿನ ಕಡೆಯಿಂದಲೇ ಇಳಿಯುವದು ಸನಾತನ ಪದ್ಧತಿಯೆಂದು ನಾವು ತಿಳಿದಿದ್ದೇವೆ. ಅದಕ್ಕೆ ಸರಕಾರಿ ಮುದ್ರೆ ಹೇಗೆ ಬಿತ್ತೆಂಬದಕ್ಕೆ ಈ ತಿದ್ದುಪಡಿಯೇ ಸಾಕ್ಷಿ. ನಾಗಾರ್ಜುನಕೊಂಡದಲ್ಲಿ ದಾನ ಮಾಡಿದ ಅರಸುಮನೆಯ ಹೆಂಗಸರ ಹೆಸರು ಕಲ್ಲಿನ ಮೇಲೆ ಉಳಿದಿದೆ. ರಾತ್ರಿ ಗಸ್ತಿಗೆ ಹೋದ ತಳವಾರನ ಹೊಲವನ್ನು ಹಗಲು ಉತ್ತು ಕಳೆ ತೆಗೆದವಳ ಹೆಸರು ಯಾವ ಉತಾರದಲ್ಲೂ ಇಲ್ಲ.

ವತನ ಹೋಯಿತು, ಹೊಲವೂ ಹೋಯಿತು

ಸ್ವಾತಂತ್ರ್ಯ ಬಂದ ಮೇಲೆ ವತನಗಳು ರದ್ದಾದವು. ಅಲ್ಲಿಯೂ ಸರದಿ ನೋಡಬೇಕು. ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ಮುಂಬಯಿ ಸರಕಾರ 1951ರ ಮೇ 1ರಿಂದ ತೆಗೆದುಹಾಕಿತು. ನಮ್ಮ ಜಿಲ್ಲೆಗಳು 1956ರಲ್ಲಿ ಮೈಸೂರು ರಾಜ್ಯ ಸೇರಿದವು. ಆಮೇಲೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದಾಗ ತಳವಾರ, ವಾಲೀಕಾರರ ಕೊರಳಿನ ಹಗ್ಗ ಬಿಚ್ಚಿತು. ಮೇಲಿನವರು ದಾಟಿಹೋದ ಸುಮಾರು ಹನ್ನೆರಡು ವರ್ಷಗಳ ಮೇಲೆ ಕೆಳಗಿನವರ ಪಾಳಿ.

ಚಾಕರಿ ತಪ್ಪಿತೆಂಬದು ನಿಜವಾದ ಲಾಭ, ಅದನ್ನು ಅಲ್ಲಗಳೆಯಲಾಗದು. ಹೊಲದ ಗತಿ ಬೇರೆಯಾಯಿತು. ವತನದ ಭೂಮಿ ಮೊದಲು ಸರಕಾರಕ್ಕೆ ಸೇರಿ, ಹಣ ತುಂಬಿದ ಮೇಲೆ ಮರಳಿ ಮಂಜೂರಾಗಬೇಕು. ಅರ್ಜಿ ಬರೆಯುವವರು ಯಾರು, ಹಣ ತುಂಬುವವರು ಯಾರು? ಅಷ್ಟರೊಳಗೆ ಅನೇಕ ಹೊಲಗಳು ಸಾಲಕ್ಕೆ ಸಿಕ್ಕು ಬೇರೆಯವರ ಉಳುಮೆಯಲ್ಲಿದ್ದವು. ಮಂಜೂರಾದ ಹೊಲವೂ ಕೈ ಬದಲಾಗತೊಡಗಿತು. 1978ರಲ್ಲಿ ತಿದ್ದುಪಡಿ ತಂದು, ಮರಳಿ ಮಂಜೂರಾದ ಭೂಮಿಯನ್ನು ಹದಿನೈದು ವರ್ಷ ಪರಭಾರೆ ಮಾಡಕೂಡದೆಂದು ಸರಕಾರ ಕಟ್ಟು ಹಾಕಬೇಕಾಯಿತು.

ಆದರೆ ತಳವಾರರ ಮಕ್ಕಳು ಊರು ಬಿಡಲು 1963ರ ತನಕ ಕಾದಿರಲಿಲ್ಲ. ಒಂದು ತುಂಡು ಹೊಲ ನಾಲ್ಕು ಜನ ಅಣ್ಣತಮ್ಮಂದಿರಿಗೆ ಹಿಸ್ಸೆಯಾದರೆ ಒಬ್ಬ ಕಾವಲಿಗೆ ನಿಂತಾನು, ಮೂವರು ಹೊರಬೀಳಲೇಬೇಕು. 1876ರಿಂದ 78ರ ಬರ ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹುರಿದುಹಾಕಿತು. ಅದರ ಹಿಂದೆಯೇ, 1880ರ ದಶಕದಲ್ಲಿ, ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪು ಮತ್ತು ಗೋಕಾಕ ಫಾಲ್ಸಿನ ಗಿರಣಿ ತಲೆಯೆತ್ತಿದವು. ಅತ್ತ ಸೊಲ್ಲಾಪುರದ ಗಿರಣಿಗಳ ಭೋಂಗಾ ಕೇಳುತ್ತಿತ್ತು. ಊರ ಸೀಮೆ ಕಾಯುವ ಮನೆಯ ಹುಡುಗ ಗಿರಣಿಯ ಗೇಟಿಗೆ ಬಂದು ನಿಂತ. ಮುಕಾದಮ ಹೆಸರು ಕೇಳಿದಾಗ ಊರಲ್ಲಿ ಕರೆಯುತ್ತಿದ್ದುದನ್ನೇ ಹೇಳಿದ. ಹೀಗೆ ಹುದ್ದೆ ಬಿಟ್ಟುಬಂದವನಿಗೂ ಹುದ್ದೆಯ ಹೆಸರು ಅಂಟಿಕೊಂಡೇ ಬಂದಿತು.

ಇಂದಿನ ಜಗಳ

2020ರಲ್ಲಿ ಪಾರ್ಲಿಮೆಂಟು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ತಿದ್ದಿ, ನಾಯಕ ಎಂಬ ನಮೂದಿನೊಳಗೆ ಪರಿವಾರ ಮತ್ತು ತಳವಾರ ಎಂಬ ಹೆಸರುಗಳನ್ನು ಸೇರಿಸಿತು. ಬೇಡ ನಾಯಕರಲ್ಲಿ ತಳವಾರರೆಂದು ಬರೆಯಿಸಿಕೊಂಡದ್ದಕ್ಕಾಗಿಯೇ ಸವಲತ್ತು ತಪ್ಪಿದ್ದ ಮನೆಗಳಿದ್ದವು. ಅವರಿಗೆ ಇದು ಬಹುದಿನದ ನ್ಯಾಯ. ಆದರೆ ಅದೇ ಅಡ್ಡಹೆಸರು ಬೇರೆ ಜಾತಿಗಳ ಬಡವರಿಗೂ ಇದೆ. ‘ಪಟ್ಟಿಯಲ್ಲಿ ನಮ್ಮ ಹೆಸರಿದೆ, ಸರ್ಟಿಫಿಕೇಟು ಕೊಡಿ’ ಎಂದು ಅವರು ಕೇಳಿದರು. ‘ನಮ್ಮ ಪಾಲು ಕಸಿಯಬೇಡಿ’ ಎಂದು ಮೊದಲಿನವರು ಅಡ್ಡ ನಿಂತರು. ತಹಶೀಲ್ದಾರನ ಕಚೇರಿಯ ಎದುರು ತಳವಾರನಿಗೆ ತಳವಾರನೇ ವೈರಿಯಾದ.

ಈ ಮಾತಿನಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಅಡ್ಡಹೆಸರು ಜಾತಿಯ ಪುರಾವೆಯಲ್ಲ, ಹಿಂದೊಮ್ಮೆ ಮಾಡಿದ ಚಾಕರಿಯ ಪುರಾವೆ. ಪಂಗಡದ ಸರ್ಟಿಫಿಕೇಟನ್ನು ಆ ಪಂಗಡದವರಿಗೇ, ತಕ್ಕ ವಿಚಾರಣೆ ಮಾಡಿ ಕೊಡಬೇಕು. ಬರಿಯ ಅಡ್ಡಹೆಸರು ನೋಡಿ ಕೊಡುವದೂ ತಪ್ಪು, ಬರಿಯ ಅಡ್ಡಹೆಸರು ನೋಡಿ ನಿರಾಕರಿಸುವದೂ ತಪ್ಪು. ಪಟ್ಟಿಯ ಹೊರಗೆ ಉಳಿಯುವ ತಳವಾರನೂ ಹೊಲ ಕಳಕೊಂಡವನೇ, ಅವನ ಮಗನೂ ದಿನಗೂಲಿಗೆ ನಿಂತವನೇ. ಅವನನ್ನು ಕಳ್ಳನೆಂದು ಕರೆಯುವದರಿಂದ ಒಳಗಿನವನಿಗೆ ಒಂದು ನೌಕರಿಯೂ ಹೆಚ್ಚು ಸಿಗುವದಿಲ್ಲ. ಗಿರಣಿಗಳು ಮುಚ್ಚಿ, ಕಾಯಂ ನೌಕರಿಗಳೆಲ್ಲ ಗುತ್ತಿಗೆಯ ನೌಕರಿಗಳಾದ ಮೇಲೆ ಇರುವ ನಾಲ್ಕು ರೊಟ್ಟಿಗೆ ನಲವತ್ತು ಜನ ಕೈ ಚಾಚಿದ್ದಾರೆ. ರೊಟ್ಟಿ ಏಕೆ ನಾಲ್ಕೇ ಉಳಿದವೆಂದು ಕೇಳುವ ಬದಲು ಪಕ್ಕದವನ ಅಡ್ಡಹೆಸರು ಕೇಳುವದು ಮಾಲಕರಿಗೆ ಹಿತವಾದ ಮಾತು.

ಹುಡುಕುವದು ಹೇಗೆ?

ವಂಶ ಹುಡುಕುವದು ಬೇಡವೆಂದು ನಾವು ಹೇಳುವದಿಲ್ಲ. ಸರಿಯಾದ ಜಾಗದಲ್ಲಿ ಹುಡುಕಬೇಕೆಂದು ಹೇಳುತ್ತೇವೆ. ಮೊದಲು ಮನೆಯ ಹಿರಿಯರನ್ನು, ಅದರಲ್ಲೂ ಅಜ್ಜಿಯರನ್ನು ಕೂಡಿಸಿ ಕೇಳಬೇಕು: ಯಾವ ಊರಿಂದ ಬಂದೆವು, ಹೊಲಕ್ಕೆ ಏನೆಂದು ಕರೆಯುತ್ತಿದ್ದರು, ಅದು ಯಾರ ಪಾಲಾಯಿತು? ಹೊಲದ ಹೆಸರು ಸಿಕ್ಕರೆ ಸರ್ವೆ ನಂಬರು ಸಿಗುತ್ತದೆ. ನಂಬರಿದ್ದರೆ ಉತಾರ ಸಿಗುತ್ತದೆ. ಉತಾರಗಳು 2000ದ ಸುಮಾರಿಗೆ ಕಂಪ್ಯೂಟರಿಗೆ ಏರಿದವು, ಆದರೆ ಅದರ ಹಿಂದಿನ ಕೈಬರಹದ ಪುಸ್ತಕಗಳನ್ನೂ ಕೇಳಬೇಕು. ಮುಂಬಯಿ ಪ್ರಾಂತದಲ್ಲಿ ಹಕ್ಕುಪತ್ರದ ಕಾಯಿದೆ ಬಂದದ್ದು 1903ರಲ್ಲಿ. ವಾರಸಾ ಡೈರಿಗಳಲ್ಲಿ ಯಾರು ಸತ್ತರು, ಯಾರ ಹೆಸರು ಏರಿತು, ಯಾರಿಗೆ ಒತ್ತೆಯಾಯಿತು ಎಂಬದೆಲ್ಲ ಇರುತ್ತದೆ. ಕಾವಲು ಮನೆತನವಾದರೆ ವತನದ ರಜಿಸ್ಟರನ್ನೂ, ಮರಳಿ ಮಂಜೂರಿಯ ಆದೇಶವನ್ನೂ ಕೇಳಬೇಕು. ಮಗಳ ಮನೆಯ ಕಾಗದಗಳನ್ನೂ ಮರೆಯಬಾರದು. 2005ರ ತಿದ್ದುಪಡಿಯ ಮೇಲೆ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳೂ ಮಗನಂತೆಯೇ ಪಾಲುದಾರಳು.

ಶಾಲೆಯ ಜನರಲ್ ರಜಿಸ್ಟರು ಇನ್ನೊಂದು ಗಣಿ. ನಾವು ಮಾಸ್ತರಿಕೆಯಲ್ಲಿದ್ದಾಗ ಜನ್ಮದಿನಾಂಕದ, ಜಾತಿಯ ದಾಖಲೆಗಾಗಿ ಬಂದವರಿಗೆ ಆ ಹಳೆಯ ಪುಸ್ತಕಗಳನ್ನು ತೆಗೆದು ತೋರಿಸುವ ಕೆಲಸ ಅನೇಕ ಸಲ ಬೀಳುತ್ತಿತ್ತು. ಒಂದೇ ಮನೆಯ ಅಣ್ಣನನ್ನು ತಳವಾರನೆಂದೂ ತಮ್ಮನನ್ನು ನಾಯಕನೆಂದೂ ಬರೆದದ್ದು ಅಲ್ಲಿ ಕಂಡಿದೆ. ಹೆಸರು ಹೇಳಿದ ದಿನ ಜೊತೆಗೆ ಯಾರು ಬಂದಿದ್ದರು, ಬರೆದವರು ಯಾರು ಎಂಬುದರ ಮೇಲೆ ಅಡ್ಡಹೆಸರು ನಿಂತಿತು. ಅದೇ ಒಂದು ಶಬ್ದದ ಮೇಲೆ ಇಂದು ಮೊಮ್ಮಕ್ಕಳ ನೌಕರಿ ತೂಗುತ್ತಿದೆ. ಗಿರಣಿಯ ಕಾರ್ಮಿಕರಾದರೆ ಅಜ್ಜನ ಬಿಲ್ಲೆ, ಸಂಬಳದ ಚೀಟಿ, ಸಂಘದ ಪಾವತಿ ಯಾವದನ್ನೂ ಒಲೆಗೆ ಹಾಕಬಾರದು. ಅಂಗಡಿಕಾರರಾದರೆ ಹಳೆಯ ಉದ್ದರಿ ವಹಿಗಳನ್ನು ರದ್ದಿಗೆ ಮಾರಬಾರದು.

ಸರಕಾರದಿಂದ ಕೇಳಬೇಕಾದದ್ದೂ ಇದೆ. ತಾಲೂಕು ಕಚೇರಿಗಳ ವತನ ರಜಿಸ್ಟರುಗಳನ್ನು, ಹಳೆಯ ಡೈರಿಗಳನ್ನು ಗೆದ್ದಲಿಗೆ ಬಿಡದೆ ಕಾಪಾಡಬೇಕು, ಬಡವನಿಗೂ ಸುಲಭವಾಗಿ ನಕಲು ಸಿಗಬೇಕು. ನಮ್ಮ ಭಾಗದ ಹಳೆಯ ಕಾಗದ ಎಷ್ಟೋ ಮೋಡಿ ಲಿಪಿಯಲ್ಲಿದೆ. ಅದನ್ನು ಓದಿ ಕನ್ನಡಕ್ಕೆ ಇಳಿಸುವವರನ್ನು ಜಿಲ್ಲೆಗೆ ಕೆಲವರನ್ನಾದರೂ ತಯಾರಿಸಬೇಕು. ಮರಳಿ ಮಂಜೂರಾದ ಭೂಮಿ ಕಾಯಿದೆ ಮೀರಿ ಕೈ ಬಿಟ್ಟ ಪ್ರಕರಣಗಳನ್ನು ಊರೂರಿನ ಪಟ್ಟಿ ಮಾಡಿ ಬಹಿರಂಗಪಡಿಸಬೇಕು.

ಸರಕಾರ ಏಳುವ ತನಕ ನಾವು ಕೂಡ್ರಬೇಕಾಗಿಲ್ಲ. ಪ್ರತಿಯೊಂದು ಕಾರ್ಮಿಕ ಸಂಘದ ಕಚೇರಿಯಲ್ಲಿ, ಪ್ರತಿಯೊಂದು ಪೇಟೆಯ ವ್ಯಾಪಾರಿ ಸಂಘದಲ್ಲಿ ಒಂದು ದಪ್ಪ ವಹಿ ಇಡಬೇಕೆಂದು ನಮ್ಮ ಸೂಚನೆ. ಸದಸ್ಯರು ಅದರಲ್ಲಿ ತಮ್ಮ ಅಜ್ಜ ಮತ್ತು ಅಜ್ಜಿಯ ಹೆಸರು, ಅಜ್ಜಿಯ ತವರೂರು, ಬಿಟ್ಟುಬಂದ ಹೊಲ, ಮಾಡಿದ ಕೆಲಸ, ಸಾಲ ಕೊಟ್ಟವನ ಊರು ಇಷ್ಟನ್ನು ಬರೆಯಲಿ. ಬರೆಯಲು ಬಾರದವರಿಗೆ ಬಲ್ಲವರು ಬರೆದುಕೊಡಲಿ. ಬೇಡ ತಳವಾರನ ಪುಟದ ಎದುರಿಗೆ ಕಬ್ಬಲಿಗ ತಳವಾರನ ಪುಟ ಬರಲಿ. ಹೊಲ ಹೋದ ಬಗೆ ಇಬ್ಬರದೂ ಎಷ್ಟು ಹೋಲುತ್ತದೆಂಬದನ್ನು ಇಬ್ಬರೂ ಕೂಡಿ ಕುಳಿತು ಓದಲಿ. ಈ ತಿಂಗಳ ಸಂಘದ ಸಭೆಯಲ್ಲಿಯೇ ಈ ಕೆಲಸ ಮೊದಲಾಗಲಿ.